ಎಡದ ಅಂಗುಳೆಲುಬು

ಫೋರ್ಟ್ ಲೋರ್ನ್ ವೈದ್ಯಕೀಯ ಕಾಲೇಜಿನಲ್ಲಿ ಓದಿದವರನ್ನು ಯಾರನ್ನೇ ಕೇಳಿ, ಮೊದಲು ಬಾಯಿಗೆ ಬರುವುದು ಪ್ರೊಫೆಸರ್ ಗಿಲ್‌ಕ್ರಿಸ್ಟರ ಚೀಲದ ಮಾತು. ಕಪ್ಪು ಮಖಮಲ್ಲಿನ ಚೀಲ, ಬಾಯಿಗೊಂದು ದಾರ, ಒಳಗೆ ತಲೆಬುರುಡೆಯ ಒಂದು ಎಲುಬು. ವಿದ್ಯಾರ್ಥಿ ಅದರೊಳಗೆ ಕೈ ತೂರಿಸಿ, ಬೆರಳಿನಿಂದ ಮುಟ್ಟಿ ಮಾತ್ರ, ಅದು ಯಾವ ಎಲುಬು, ಎಡದ್ದೋ ಬಲದ್ದೋ, ತೂತು ಎಲ್ಲಿದೆ, ಏಣು ಎಲ್ಲಿದೆ, ಯಾವ ನರ ಎಲ್ಲಿ ಹಾದುಹೋಗುತ್ತದೆ ಎಂದು ಹೇಳಬೇಕು. ತಪ್ಪಿದರೆ ಪ್ರೊಫೆಸರರು ಕನ್ನಡಕ ತೆಗೆದು ಒರೆಸುತ್ತಾ, "ತಂದೆಯವರಿಗೆ ಗೋಧಿ ಹೊಲ ಇದೆಯಾ? ಇದ್ರೆ ಇವತ್ತೇ ರೈಲು ಹತ್ತಿ, ಬಿತ್ತನೆಗೆ ಇನ್ನೂ ಟೈಮಿದೆ" ಎನ್ನುತ್ತಿದ್ದರು. ಹಾಗೆ ರೈಲು ಹತ್ತಿದವರೂ ಇದ್ದಾರೆ.

ಆಮೇಲೆ ತಾವೇ ಚೀಲಕ್ಕೆ ಕೈಯಿಟ್ಟು, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಎಲ್ಲವನ್ನೂ ಒಪ್ಪಿಸಿ, ಎಲುಬನ್ನು ಹೊರತೆಗೆದು ಮೇಜಿನ ಮೇಲಿಡುತ್ತಿದ್ದರು. ಒಂದು ಸಲವೂ ತಪ್ಪಿದ್ದಿಲ್ಲ. ಅವರ ಬೆರಳ ತುದಿಯಲ್ಲಿ ಕಣ್ಣಿದೆ ಎಂಬ ಮಾತು ಪ್ರೇರಿ ಬಯಲು ದಾಟಿ ಮಾಂಟ್ರಿಯಲ್ ತನಕ ಹೋಗಿತ್ತು. ಇಡೀ ಕಾಲೇಜಿನಲ್ಲಿ ಅದನ್ನು ನಂಬದವಳು ಒಬ್ಬಳೇ, ಆ ಚೀಲವನ್ನು ತುಂಬುತ್ತಿದ್ದ ತೆಕ್ಲಾ ಹ್ರಿನ್‌ಚುಕ್.

ತೆಕ್ಲಾ ನೆಲಮಾಳಿಗೆಯ ಎಲುಬು ಕೋಣೆಯ ಕೆಲಸದವಳು. ವಯಸ್ಸು ಐವತ್ತೊಂದು, ಗಿಡ್ಡ ಆಳು, ಕೈಗಳು ಮಾತ್ರ ಗಂಡಸಿನಷ್ಟು ಅಗಲ. ಅವಳ ಹೆಸರು ಅಲ್ಲಿಯವರ ನಾಲಗೆಗೆ ಹೊರಳದೆ ಎಲ್ಲರಿಗೂ ಅವಳು ಮಿಸೆಸ್ ಎಚ್. ಎಲುಬು ತೊಳೆಯುವುದು, ಒರೆಸುವುದು, ವಿದ್ಯಾರ್ಥಿಗಳು ಮುರಿದು ತಂದದ್ದನ್ನು ಅಂಟಿಸುವುದು ಅವಳ ದಿನಚರಿ. ಹೊಸ ಬುರುಡೆ ಬಂದರೆ ಬಿಡಿಸುವ ಕೆಲಸವೂ ಅವಳದ್ದೇ. ಎಲುಬು ಎಲುಬಿನ ನಡುವಿನ ಹೊಲಿಗೆ ಇನ್ನೂ ಕೂಡಿಕೊಳ್ಳದ ಎಳೆ ಬುರುಡೆಯನ್ನು ಆರಿಸಿ, ತಳದ ದೊಡ್ಡ ತೂತಿನಿಂದ ಒಣ ಬಟಾಣಿ ಸುರಿದು, ಗಟ್ಟಿಯಾಗಿ ತುಂಬಿ, ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಡಬೇಕು. ಬಟಾಣಿ ಊದಿ ಊದಿ ಒಳಗಿನಿಂದ ತಳ್ಳುತ್ತಾ, ಎರಡು ಮೂರು ದಿನಕ್ಕೆ ಹೊಲಿಗೆಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಅವಸರ ಮಾಡಿ ಉಳಿ ಹಾಕಿದರೆ ಎಲುಬು ಸೀಳುತ್ತದೆ, ಕಾದರೆ ಬಿಡುತ್ತದೆ. ಕಾಯುವುದರಲ್ಲಿ ತೆಕ್ಲಾಳನ್ನು ಮೀರಿಸುವವರು ಆ ಊರಿನಲ್ಲಿ ಇರಲಿಲ್ಲ.

ಬಿಡಿಸಿದ ಇಪ್ಪತ್ತೆರಡು ಎಲುಬುಗಳಿಗೆ ಗೋಡೆಯುದ್ದಕ್ಕೂ ಒಂದು ಬೀರು. ಅದರ ಅರೆಗಳನ್ನು ಜೋಡಿಸಿದ್ದು ಬುರುಡೆಯೊಂದು ಎದುರಿಗೆ ನಿಂತು ನಮ್ಮನ್ನೇ ನೋಡುತ್ತಿರುವ ಲೆಕ್ಕದಲ್ಲಿ. ಹಾಗಾಗಿ ಅದರ ಎಡಗಡೆಯ ಎಲುಬುಗಳು ನಮ್ಮ ಬಲಗೈ ಪಕ್ಕದ ಅರೆಗಳಲ್ಲಿ ಇರುತ್ತವೆ. ಹೊಸಬರೆಲ್ಲ ಮೋಸ ಹೋಗುತ್ತಿದ್ದದ್ದು ಇಲ್ಲೇ. ತೆಕ್ಲಾ ಕತ್ತಲಲ್ಲಿ ಕೈ ಹಾಕಿದರೂ ಬೇಕಾದದ್ದೇ ಸಿಗುತ್ತಿತ್ತು.

ಸಿಗದೆ ಏನು? ಯುದ್ಧಕ್ಕೆ ಮುಂಚೆ ಲ್ವೀವ್ ಊರಿನಲ್ಲಿ ಏಳು ವರ್ಷ ಇದೇ ಪಾಠ ಹೇಳಿದವಳು ಅವಳು. ಯುದ್ಧ ಗಂಡನನ್ನು ನುಂಗಿತು, ಪದವಿಯ ಕಾಗದಗಳನ್ನೂ ನುಂಗಿತು. ನಿರಾಶ್ರಿತರ ಶಿಬಿರದಲ್ಲಿ ನಾಲ್ಕು ವರ್ಷ ಕಳೆದು, ಹಡಗು ಹತ್ತಿ ಕೆನಡಾಕ್ಕೆ ಬಂದಾಗ ಕೈಯಲ್ಲಿದ್ದದ್ದು ಒಂದು ಹಲಗೆಪೆಟ್ಟಿಗೆ ಮಾತ್ರ. ಹಾಗೆ ಬಂದವರನ್ನು ಊರಿನವರು ಡಿಪಿ, ಅಂದರೆ ನೆಲೆ ತಪ್ಪಿದವರು, ಎನ್ನುತ್ತಿದ್ದರು, ಬಾಯಲ್ಲಿ ಬೇವು ಇಟ್ಟುಕೊಂಡವರ ಹಾಗೆ. ಒಂದು ವರ್ಷ ಆಸ್ಪತ್ರೆಯ ಬಟ್ಟೆ ಒಗೆದು, 1950ರ ವಸಂತದಲ್ಲಿ ಅವಳು ಕಾಲೇಜಿನ ಅಧ್ಯಾಪಕಿಯ ಕೆಲಸಕ್ಕೆ ಅರ್ಜಿ ಹಾಕಿದಳು. ಕಾಗದವಿಲ್ಲದಿದ್ದರೆ ಬೇಡ, ಚೀಲದ ಪರೀಕ್ಷೆ ಕೊಡಲಿ ಎಂದರು ಗಿಲ್‌ಕ್ರಿಸ್ಟ್. ಅವಳಿಗೆ ಅದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಬೇಕಿರಲಿಲ್ಲ.

ಅಂದು ಕೋಣೆಯಲ್ಲಿದ್ದವರು ಮೂವರು: ಗಿಲ್‌ಕ್ರಿಸ್ಟ್, ಈಗ ತೀರಿಕೊಂಡಿರುವ ಹಳೆಯ ಡೀನ್, ಮತ್ತು ಆರ್ಚಿ ಮೆಕ್‌ಫೇಲ್ ಎಂಬ ಸರ್ಜನ್. ಎಲುಬು ಕೋಣೆಯ ಮುದುಕ ನೌಕರ ಆ ಚಳಿಗಾಲದಲ್ಲಿ ಸತ್ತಿದ್ದರಿಂದ, ಚೀಲವನ್ನು ಪ್ರತಿ ಸಲವೂ ಕೆಳಗಿನಿಂದ ತುಂಬಿ ತಂದುಕೊಟ್ಟವರು ಮೆಕ್‌ಫೇಲರು. ಐದು ಎಲುಬು ಅವಳು ನೀರು ಕುಡಿದ ಹಾಗೆ ಹೇಳಿದಳು. ಆರನೆಯದು ಅಂಗುಳಿನ ಎಲುಬು. ಬಾಯಿಯ ಮಾಳಿಗೆಯ ಹಿಂಭಾಗದಲ್ಲಿ, ಒಂದೊಂದು ಪಕ್ಕಕ್ಕೆ ಒಂದೊಂದರಂತೆ ಅಡಗಿ ಕೂತಿರುವ, ಹೆಬ್ಬೆರಳಿನಷ್ಟೂ ಇಲ್ಲದ, ಕಾಗದದಷ್ಟು ತೆಳ್ಳಗಿನ ಎಲುಬು. ನಿಂತ ಹಲಗೆಯೊಂದು, ಮಲಗಿದ ಹಲಗೆಯೊಂದು. ಎರಡೂ ಸೇರುವ ಮೂಲೆಯ ಮೊನೆ ಹಿಂದಕ್ಕೆ ಬರುವಂತೆ ಹಿಡಿದುಕೊಂಡರೆ, ಮಲಗಿದ ಹಲಗೆ ಯಾವ ಕಡೆಗೆ ಚಾಚುತ್ತದೋ ಎಲುಬು ಅದರ ಎದುರು ಪಕ್ಕದ್ದು. ಅವಳ ಬೆರಳಿಗೆ ಹಲಗೆ ಬಲಕ್ಕೆ ಚಾಚಿತ್ತು.

"ಅಂಗುಳೆಲುಬು. ಎಡದ್ದು" ಎಂದಳು.

ಗಿಲ್‌ಕ್ರಿಸ್ಟ್ ಚೀಲಕ್ಕೆ ಕೈ ಹಾಕಿ ಒಂದು ಗಳಿಗೆ ಚಾವಣಿ ನೋಡಿದರು. "ಬಲದ್ದು."

"ಇಲ್ಲ ಸರ್. ಎಡದ್ದೇ. ಹೊರಗೆ ತೆಗೆದು ನೋಡಿ."

"ನನ್ನ ಚೀಲದಲ್ಲಿ ಏನಿದೆ ಅಂತ ನಂಗೇ ಹೇಳಿಕೊಡ್ತೀಯಾ? ನಿಮ್ಮೂರಲ್ಲಿ ಎಡ ಬಲ ಬೇರೆ ಥರ ಇರ್ಬೇಕು" ಎಂದು ದಾರ ಎಳೆದು ಗಂಟು ಹಾಕಿದರು. ಡೀನ್ ನಕ್ಕರು. ಮೆಕ್‌ಫೇಲರು ಚೀಲವನ್ನೆತ್ತಿಕೊಂಡು ಕೆಳಗೆ ಹೋದರು. ತೆಕ್ಲಾ ಹೊರಗಿನ ಬೆಂಚಿನ ಮೇಲೆ ಅರ್ಧ ಗಂಟೆ ಕೂತಿದ್ದಳು. ಆಮೇಲೆ ಗುಮಾಸ್ತೆಯೊಬ್ಬಳು ಬಂದು, ಆಗಲಿಲ್ಲ ಎಂದು ಹೇಳಿ ಹೋದಳು. ಅಂದಿನಿಂದ ತೆಕ್ಲಾ ಮನಸ್ಸಿನಲ್ಲಿ ಆ ಮನುಷ್ಯನಿಗೆ ಮರ್ಯಾದೆ ಕೊಟ್ಟಿಲ್ಲ. ಇನ್ನು ಮುಂದೆ ನಾನೂ ಕೊಡುವುದಿಲ್ಲ.

ವಾರದ ಮೇಲೆ ಮೆಕ್‌ಫೇಲರು ಅವಳ ಬಾಡಿಗೆ ಕೋಣೆಯನ್ನು ಹುಡುಕಿಕೊಂಡು ಬಂದರು. ಟೋಪಿ ಕೈಯಲ್ಲಿ ಹಿಡಿದು, ಎಲುಬು ಕೋಣೆಯ ಜಾಗ ಖಾಲಿಯಿದೆ, ಬೇಕಿದ್ದರೆ ಮಾತಾಡುತ್ತೇನೆ ಎಂದರು. ಹೊಟ್ಟೆಪಾಡು, ಅವಳು ಒಪ್ಪಿದಳು. ಅವಳ ಪೂರ್ತಿ ಹೆಸರನ್ನು ತಡವರಿಸದೆ ಹೇಳಲು ಕಲಿತವರು ಕಾಲೇಜಿನಲ್ಲಿ ಅವರೊಬ್ಬರೇ. ಪ್ರತಿ ಕ್ರಿಸ್‌ಮಸ್‌ಗೆ ಅವರ ಕಡೆಯಿಂದ ಒಂದು ಪೆಟ್ಟಿಗೆ ಕಿತ್ತಳೆ ಹಣ್ಣು ಬರುತ್ತಿತ್ತು. ಒಳ್ಳೆಯ ಮನುಷ್ಯ ಎಂದು ಅವಳು ಹಣ್ಣು ಸುಲಿಯುವಾಗಲೆಲ್ಲ ಅಂದುಕೊಳ್ಳುತ್ತಿದ್ದಳು.

ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಗಿಲ್‌ಕ್ರಿಸ್ಟನ ಬೆರಳ ತುದಿಯ ಕಣ್ಣು ಯಾವುದೆಂದು ಅವಳಿಗೆ ಗೊತ್ತಾಯಿತು. ಪರೀಕ್ಷೆಯ ಬೆಳಿಗ್ಗೆ ಅವನು ತಾನೇ ಕೆಳಗಿಳಿದು ಬಂದು ಒಂದು ಚೀಟಿ ಕೊಡುತ್ತಿದ್ದ: ಮೊದಲು ಬಲ ಕೆನ್ನೆಯೆಲುಬು, ಆಮೇಲೆ ಎಡ ಮೂಗಿನೆಲುಬು, ಹೀಗೆ. ಮುರಿದ ಎಲುಬು ಚೀಲಕ್ಕೆ ಹೋಗಬಾರದಲ್ಲ, ಅದಕ್ಕೆ ಎಂಬ ನೆಪ. ಅವಳು ಎಲುಬುಗಳನ್ನು ತೆಗೆದಿಟ್ಟ ಮೇಲೆ ಚೀಟಿಯನ್ನು ವಾಪಸು ಇಸಿದುಕೊಂಡು, ಚೂರು ಮಾಡಿ, ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದ. ಮೇಲೆ ಹೋಗಿ ಕಣ್ಣು ಮುಚ್ಚಿ ಒಪ್ಪಿಸುತ್ತಿದ್ದದ್ದು ಆ ಚೀಟಿಯನ್ನೇ. ಒಮ್ಮೆ ಅವನು ತನ್ನ ಮೇಜಿನ ಮೇಲಿದ್ದ ಕಣತಲೆಯ ಎಲುಬನ್ನು ತಲೆಕೆಳಗಾಗಿ ಹಿಡಿದು ಅತಿಥಿಗಳಿಗೆ ವಿವರಿಸುತ್ತಿದ್ದುದನ್ನು ಅವಳು ಕಣ್ಣಾರೆ ಕಂಡಳು. ಪುಸ್ತಕ ಅವನಿಗೆ ಬಾಯಿಪಾಠ ಇತ್ತು. ಎಲುಬು ಅವನಿಗೆ ಪರಿಚಯವೇ ಇರಲಿಲ್ಲ.

ಗೊತ್ತಾದದ್ದನ್ನು ಯಾರಿಗೆ ಹೇಳುವುದು? ಚೀಟಿ ಉಳಿಯುತ್ತಿರಲಿಲ್ಲ. ಪ್ರೊಫೆಸರನ ಮಾತಿನ ಎದುರು ಡಿಪಿ ಹೆಂಗಸಿನ ಮಾತನ್ನು ಕೇಳುವವರು ಯಾರು? ಅವಳು ಬಾಯಿ ಮುಚ್ಚಿಕೊಂಡು ಬಟಾಣಿ ನೆನೆಸುತ್ತಾ ಹನ್ನೊಂದು ವರ್ಷ ಕಳೆದಳು.

1961ರ ಮೇ ತಿಂಗಳಲ್ಲಿ ಗಿಲ್‌ಕ್ರಿಸ್ಟ್ ನಿವೃತ್ತನಾಗುವವನಿದ್ದ. ಶನಿವಾರ ಮಧ್ಯಾಹ್ನ ದೊಡ್ಡ ಸಭಾಂಗಣದಲ್ಲಿ ಬೀಳ್ಕೊಡುಗೆ, ಪದಕ, ಹೊಸ ಅಂಗರಚನಾ ಕಟ್ಟಡಕ್ಕೆ ಅವನ ಹೆಸರು. ಇವೆಲ್ಲಕ್ಕೂ ಮುಂಚೆ, ಹಳೆಯ ವಿದ್ಯಾರ್ಥಿಗಳ ಒತ್ತಾಯದ ಮೇರೆಗೆ, ಅವನು ಏಳು ಚೀಲಗಳಿಗೆ ಒಂದೊಂದಾಗಿ ಕೈಯಿಟ್ಟು ಏಳು ಎಲುಬು ಹೇಳುವ ಕೊನೆಯ ಪ್ರದರ್ಶನ. ಎಲುಬನ್ನು ಪರೀಕ್ಷಿಸಿ ಹೌದೆನ್ನಲು ಮಾಂಟ್ರಿಯಲ್‌ನಿಂದ ಲಾಫ್ಲೂರ್ ಎಂಬ ದೊಡ್ಡ ಹೆಸರಿನ ಅಂಗರಚನಾ ತಜ್ಞ ಬರುವವರಿದ್ದರು.

ಹಿಂದಿನ ಭಾನುವಾರ, ಚರ್ಚಿನಿಂದ ಬಂದ ಮೇಲೆ, ತೆಕ್ಲಾ ಮನೆಯೊಡತಿ ಒರಿಸ್ಯಾಳ ಜೊತೆ ಅಡುಗೆಮನೆಯಲ್ಲಿ ಕೂತು ವರೆನಿಕಿ ಮಡಿಸುತ್ತಿದ್ದಳು. ಒರಿಸ್ಯಾ ಆಲೂಗಡ್ಡೆ ಹೂರಣವನ್ನು ಹಿಟ್ಟಿನ ಹಾಳೆಯ ಮೇಲಿಟ್ಟು ಕೊಡುವುದು, ತೆಕ್ಲಾ ಅಂಚು ಒತ್ತುವುದು. ರೈಲ್ವೆ ಹಳಿಯ ಆಚೆಯ ಆ ಬೀದಿಗಳಲ್ಲಿ ಇಂದಿಗೂ ಅವಳು ಪಾನಿ ದೊಕ್ತೋರ್, ಅಂದರೆ ಡಾಕ್ಟರಮ್ಮ. ಒರಿಸ್ಯಾ ಮಾತ್ರ ಸಲಿಗೆಯವಳು.

"ಶನಿವಾರ ಅವನಿಗೆ ಆರತಿ ಎತ್ತೋಕೆ ನೀನೂ ಹೋಗ್ತೀಯೇನೇ?" ಎಂದಳು.

"ಹೋಗ್ದೆ ಇರ್ತೀನಾ. ಚೀಲ ತುಂಬೋಳೇ ನಾನು."

"ಹಂಗಾದ್ರೆ ಒಂದ್ರಲ್ಲಿ ಇಲಿ ಬೋನು ಇಡು. ಬೆರಳಿಗೆ ಕಣ್ಣಿದೆಯಲ್ಲ, ನೋಡ್ಕೊಳ್ಳಲಿ."

"ಇಲಿ ಬೋನು ಇಟ್ರೆ ಎಲ್ರೂ ನಗ್ತಾರೆ ಒರಿಸ್ಯಾ. ಅವನೂ ನಗ್ತಾನೆ. ತಮಾಷೆ ಆಗೋಗುತ್ತೆ."

"ಕೋಳಿ ಎಲುಬು?"

"ಅದೂ ತಮಾಷೆನೇ. ನಾನು ಎಡದ್ದು ಇರೋ ಕಡೆ ಬಲದ್ದು ಇಡ್ತೀನಿ. ಅಷ್ಟೇ."

ಒರಿಸ್ಯಾ ಕೈಯಲ್ಲಿದ್ದ ಚಮಚ ಕೆಳಗಿಟ್ಟಳು. "ಅಷ್ಟಕ್ಕೆ ಹನ್ನೊಂದು ವರ್ಷ ಕಾದ್ಯಾ? ಅವನು ತಪ್ಪು ಹೇಳ್ತಾನೆ, ಆಮೇಲೆ ಈ ಕೆಲಸದೋಳು ತಪ್ಪಾಗಿ ಇಟ್ಟಿದ್ದಾಳೆ ಅಂತ ನಿನ್ನ ತಲೆಗೆ ಕಟ್ತಾನೆ. ಕೆಲಸಾನೂ ಹೋಗುತ್ತೆ. ನಿಂಗೇನು ತಲೆ ಕೆಟ್ಟಿದ್ಯಾ?"

"ಕಟ್ತಾನೆ" ಎಂದಳು ತೆಕ್ಲಾ, ಅಂಚು ಒತ್ತುತ್ತಾ. "ಕಟ್ಟದೇ ಇರಲ್ಲ. ಅವನ ಕೈಲಿ ಲೋಟ ಒಡೆದ್ರೂ ಲೋಟ ಕೊಟ್ಟೋರ ತಪ್ಪು ಅವನಿಗೆ. ನಾನು ನಂಬ್ಕೊಂಡಿರೋದು ಅದನ್ನೇ."

ಒರಿಸ್ಯಾಳಿಗೆ ಅರ್ಥವಾಗಲಿಲ್ಲ. ನಿನ್ನ ಎಲುಬು ನಿನಗೇ ಇರಲಿ ಎಂದು ಒಲೆಯ ಮೇಲಿನ ನೀರಿಗೆ ಉಪ್ಪು ಹಾಕಿದಳು.

ಶನಿವಾರ ಬೆಳಿಗ್ಗೆ ಗಿಲ್‌ಕ್ರಿಸ್ಟ್ ಹೊಸ ಸೂಟಿನಲ್ಲಿ ಕೆಳಗಿಳಿದು ಬಂದ. ಕೋಟಿನ ಗುಂಡಿಯಲ್ಲಿ ಹೂವು. ಚೀಟಿ ಕೊಟ್ಟ. ತೆಕ್ಲಾ ಓದಿದಳು: ಕೆಳದವಡೆ, ಬಲ ಕಣತಲೆ, ಎಡ ಮೇಲ್ದವಡೆ, ಹಿಂದಲೆ, ಎಡ ಅಂಗುಳು, ಎಡ ಕೆನ್ನೆ, ಏಳನೆಯದು ಮೂಗಿನ ನಡುಗೋಡೆಯ ನೇಗಿಲೆಲುಬು. ಐದನೆಯದನ್ನು ಅವಳು ಎರಡು ಸಲ ಓದಿದಳು. ಬೇರೆ ಯಾವುದನ್ನು ಬರೆದಿದ್ದರೂ ಅವಳು ಅದಲು ಬದಲು ಮಾಡುವವಳೇ. ಆದರೆ ಅವನು ತನ್ನ ಕೈಯಾರೆ ಇದನ್ನೇ ಬರೆದು ತಂದಿದ್ದ, ಅದರ ಪರಿವೆಯೂ ಇಲ್ಲದೆ.

"ಎಲ್ಲ ಬಿಳಿ ಬಿಳಿ ಹೊಳೀತಾ ಇರ್ಬೇಕು, ಮಿಸೆಸ್ ಎಚ್. ದೊಡ್ಡ ದೊಡ್ಡೋರು ಬರ್ತಿದ್ದಾರೆ. ಮತ್ತೆ ನೀನು ಬಾಗಿಲ ಹತ್ರ ನಿಂತ್ಕೊ, ಟ್ರೇ ತರೋದು ಒಯ್ಯೋದು ಇರುತ್ತೆ. ಆ ಏಪ್ರನ್ ಮಾತ್ರ ಬಿಚ್ಚಿಟ್ಟು ಬಾ."

"ಆಯ್ತು ಸರ್."

"ಇಷ್ಟು ವರ್ಷ ನಂಜೊತೆ ಇದ್ದು ನಾಲ್ಕು ಎಲುಬಿನ ಹೆಸರು ಕಲಿತೆ. ಅದೇ ನಿನ್ನ ಪುಣ್ಯ" ಎಂದು ನಕ್ಕು, ಮೇಜಿನ ಮೇಲೆ ಅವಳು ತೆಗೆದಿಟ್ಟ ಏಳು ಎಲುಬುಗಳ ಕಡೆ ಕಣ್ಣು ಹಾಯಿಸಿದ. ಎಡ ಅಂಗುಳಿನ ಜಾಗದಲ್ಲಿ ಬಲದ್ದು ಆಗಲೇ ಕೂತಿತ್ತು. ಅವನು ಅದನ್ನು ನೋಡಿ, ಸರಿ ಎಂಬಂತೆ ತಲೆಯಾಡಿಸಿ, ಚೀಟಿ ಹರಿದು ಜೇಬಿಗೆ ಹಾಕಿಕೊಂಡು ಹೋದ. ಕಣ್ಣೆದುರು ಇದ್ದರೂ ಗೊತ್ತಾಗದ ಈ ಮನುಷ್ಯನ ಬಾಯಲ್ಲಿ ತನ್ನ ಬದುಕು ಸಿಕ್ಕಿಕೊಂಡಿತಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಮಧ್ಯಾಹ್ನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಸಾಲಿನಲ್ಲಿ ಈಗಿನ ಡೀನ್, ಅವರ ಪಕ್ಕದಲ್ಲಿ ನರೆತ ಮೆಕ್‌ಫೇಲರು. ಹಿಂದೆಲ್ಲ ಮೂವತ್ತು ವರ್ಷಗಳ ವಿದ್ಯಾರ್ಥಿಗಳು, ಹೆಂಡಂದಿರು. ವೇದಿಕೆಯ ಮೇಲೆ ಮರದ ಕಂಬಿಗೆ ಏಳು ಕಪ್ಪು ಚೀಲಗಳು ತೂಗುತ್ತಿದ್ದವು. ತೆಕ್ಲಾ ಬಾಗಿಲ ಬಳಿ ನಿಂತಳು.

ಮೊದಲ ಚೀಲ, ಕೆಳದವಡೆ. ಗಿಲ್‌ಕ್ರಿಸ್ಟ್ ಕಣ್ಣು ಮುಚ್ಚಿ ಕೊಂಡಿಗಳನ್ನೂ ಗದ್ದದ ತೂತುಗಳನ್ನೂ ಒಪ್ಪಿಸಿದ. ಲಾಫ್ಲೂರ್ ಹೊರಗೆ ತೆಗೆದು ನೋಡಿ ಹೌದೆಂದರು. ಚಪ್ಪಾಳೆ. ಎರಡನೆಯದು ಬಲ ಕಣತಲೆ, ಚಪ್ಪಾಳೆ. ಮೂರು, ನಾಲ್ಕು. ಪ್ರತಿ ಸಲವೂ ಅವನು ಸಭೆಯ ಕಡೆ ತಿರುಗಿ ಕೈಯಗಲಿಸುತ್ತಿದ್ದ, ಮದುವೆ ಮನೆಯ ಯಜಮಾನನ ಹಾಗೆ.

ಐದನೆಯ ಚೀಲ.

"ಆಹಾ," ಎಂದ, "ಚಿಕ್ಕದು, ನಾಚಿಕೆ ಸ್ವಭಾವದ್ದು. ಎಷ್ಟೋ ಜನ ಇದರ ಹತ್ರ ಬಂದು ಮುಗ್ಗರಿಸಿದ್ದಾರೆ. ಅಂಗುಳೆಲುಬು. ಎಡದ್ದು. ಇಗೋ, ಮಲಗಿದ ಹಲಗೆ ನನ್ನ ಬೆರಳಿಗೆ ಬಲಕ್ಕೆ ಚಾಚಿದೆ. ಹಾಗಿದ್ದ ಮೇಲೆ ಎಡದ್ದಲ್ಲದೆ ಇನ್ನೇನು?"

ಲಾಫ್ಲೂರ್ ಎಲುಬನ್ನು ಅಂಗೈ ಮೇಲಿಟ್ಟುಕೊಂಡರು. ಹುಬ್ಬು ಗಂಟಾಯಿತು. ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದರು. "ಕ್ಷಮಿಸಿ ಪ್ರೊಫೆಸರ್, ಇದು ಬಲದ್ದು."

ಸಭೆ ನಕ್ಕಿತು. ಅತಿಥಿ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಿತು. ಗಿಲ್‌ಕ್ರಿಸ್ಟನೂ ನಕ್ಕ. ಲಾಫ್ಲೂರ್ ನಗಲಿಲ್ಲ. ಎಲುಬನ್ನು ಅವನ ಕೈಗಿಟ್ಟು, "ನೀವೇ ನೋಡಿ" ಎಂದರು.

ಅವನು ನೋಡಿದ. ಹೀಗೆ ತಿರುಗಿಸಿದ, ಹಾಗೆ ತಿರುಗಿಸಿದ. ಕಣ್ಣು ತೆರೆದೇ ನೋಡುತ್ತಿದ್ದರೂ ಎಡವೋ ಬಲವೋ ಅವನಿಗೆ ಬಗೆಹರಿಯುತ್ತಿಲ್ಲ ಎಂಬುದು ಬಾಗಿಲ ಬಳಿ ನಿಂತಿದ್ದ ತೆಕ್ಲಾಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಈಗ ಅವನು ವಯಸ್ಸಾಯಿತು, ಬೆರಳು ಮರಗಟ್ಟಿದೆ ಎಂದು ನಕ್ಕುಬಿಟ್ಟರೆ ಎಲ್ಲವೂ ಮುಗಿಯಿತು. ಜನ ಅಯ್ಯೋ ಪಾಪ ಎನ್ನುತ್ತಾರೆ, ಪದಕ ಹಾಕುತ್ತಾರೆ, ಅವಳ ಹನ್ನೊಂದು ವರ್ಷ ಚರಂಡಿಗೆ ಹೋಗುತ್ತದೆ.

ಅವನು ಹಾಗೆ ಮಾಡಲಿಲ್ಲ. ಮುಖ ಬೀಟ್‌ರೂಟಿನಂತಾಗಿ, ಸಭೆಯ ತಲೆಗಳ ಮೇಲಿಂದ ಬಾಗಿಲಿನತ್ತ ಬೆರಳು ತೋರಿಸಿದ.

"ಮಿಸೆಸ್ ಎಚ್, ಎಡದ್ದು ಹಾಕು ಅಂತ ಬರೆದು ಕೊಟ್ಟಿದ್ನಲ್ಲ. ಬಲದ್ದು ಯಾಕೆ ಹಾಕಿದೆ?"

ಮಾತು ಬಾಯಿಂದ ಬಿದ್ದ ಮೇಲೆ ಅವನಿಗೂ ಅದು ಕೇಳಿಸಿತು.

"ಬರೆದು ಕೊಟ್ಟಿದ್ರಾ?" ಎಂದರು ಲಾಫ್ಲೂರ್ ಮೆಲ್ಲಗೆ.

ತೆಕ್ಲಾ ಎರಡು ಹೆಜ್ಜೆ ಮುಂದೆ ಬಂದಳು. ಪಾಠ ಹೇಳಿ ಎಷ್ಟೋ ಕಾಲವಾಗಿತ್ತು. ಆದರೂ ಕೊನೆಯ ಬೆಂಚಿಗೆ ಮುಟ್ಟುವ ದನಿ ಎಲ್ಲಿಗೂ ಹೋಗಿರಲಿಲ್ಲ.

"ತಪ್ಪಾಯ್ತು ಸರ್. ನಿಮ್ಮ ಚೀಟೀಲಿ ಐದನೇದು ಎಡ ಅಂಗುಳು ಅಂತಾನೇ ಇತ್ತು. ಆರನೇದು ಎಡ ಕೆನ್ನೆ, ಏಳನೇದು ನೇಗಿಲೆಲುಬು. ಅವೆರಡು ನೀವು ಬರೆದ ಹಾಗೇ ಹಾಕಿದ್ದೀನಿ. ಯಾವಾಗಲೂ ಹಾಕೋ ಹಾಗೆ. ನೀವು ಮುಂದುವರಿಸಿ."

ಅವನ ಕೈ ಆರನೆಯ ಚೀಲದ ಕಡೆ ಹೋಗಲಿಲ್ಲ. ಲಾಫ್ಲೂರ್ ತಾವೇ ಹೋಗಿ ದಾರ ಬಿಚ್ಚಿದರು. ಎಡ ಕೆನ್ನೆಯೆಲುಬು. ಏಳನೆಯದು ಬಿಚ್ಚಿದರು. ನೇಗಿಲೆಲುಬು. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು, ಕರವಸ್ತ್ರದಿಂದ ಕೈ ಒರೆಸಿಕೊಂಡು, ತಮ್ಮ ಕುರ್ಚಿಗೆ ಹೋಗಿ ಕೂತರು.

ಮಧ್ಯದ ಸಾಲಿನಲ್ಲಿ ಬೊಕ್ಕತಲೆಯವನೊಬ್ಬ ಎದ್ದು ನಿಂತ. "ಇದೇ ಚೀಲದಲ್ಲಿ ನೀವು ನನ್ನ ಎರಡು ಸಲ ಫೇಲ್ ಮಾಡಿದ್ರಿ. ನಮ್ಮಪ್ಪ ಹಸು ಮಾರಿ ಫೀಸು ಕಟ್ಟಿದ್ದ" ಎಂದ. ಅವನ ಹೆಂಡತಿ ಕೋಟು ಹಿಡಿದು ಎಳೆದರೂ ಕೂರಲಿಲ್ಲ. ಆಮೇಲೆ ಇನ್ನೊಬ್ಬ ಎದ್ದ, ಇನ್ನೊಬ್ಬ. ಡೀನ್ ಮೈಕಿನ ಮುಂದೆ ಬಂದು, ಚಹಾ ತಯಾರಿದೆ, ದಯವಿಟ್ಟು ಎಲ್ಲರೂ ಶಾಂತರಾಗಿ ಎಂದು ಏನೇನೋ ಹೇಳಿದರು. ಗಿಲ್‌ಕ್ರಿಸ್ಟ್ ವೇದಿಕೆಯ ಮೂಲೆಯ ಕುರ್ಚಿಯಲ್ಲಿ ಕುಸಿದಿದ್ದ. ಕೈಯಲ್ಲಿ ಇನ್ನೂ ಆ ಬಲದ ಅಂಗುಳೆಲುಬು ಇತ್ತು, ಎಲ್ಲಿಡಬೇಕೆಂದು ತಿಳಿಯದವನ ಹಾಗೆ.

ತೆಕ್ಲಾಳಿಗೆ ಕನಿಕರ ಬಂತೆಂದು ಬರೆದರೆ ಸುಳ್ಳಾಗುತ್ತದೆ. ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವನ ಮುಖವನ್ನು ಅವಳು ನಿಧಾನವಾಗಿ, ಹಣೆಯಿಂದ ಗದ್ದದ ತನಕ, ಒಂದೊಂದು ಎಲುಬಿನ ಮೇಲೂ ಕಣ್ಣಿಟ್ಟು ನೋಡಿದಳು.

ಅಷ್ಟರಲ್ಲಿ ಮೆಕ್‌ಫೇಲರು ಜನರ ನಡುವೆ ದಾರಿ ಮಾಡಿಕೊಂಡು ಅವಳ ಬಳಿ ಬಂದರು. ಮುಖ ಬಿಳಿಚಿತ್ತು.

"ಮಿಸೆಸ್ ಹ್ರಿನ್‌ಚುಕ್, ಬನ್ನಿ. ಕಾರಿದೆ, ಮನೆಗೆ ಬಿಡ್ತೀನಿ. ಇವತ್ತಿಗೆ ಸಾಕು."

"ಸಾಕಾಗಿಲ್ಲ ಡಾಕ್ಟರೇ. ನಿಮ್ಮಿಂದ ಒಂದು ಕೆಲಸ ಆಗ್ಬೇಕು. ಅವತ್ತು ಆ ಕೋಣೇಲಿ ಇದ್ದೋರಲ್ಲಿ ಅವನನ್ನ ಬಿಟ್ರೆ ಉಳಿದಿರೋದು ನೀವೊಬ್ರೇ. ನನ್ನ ಉತ್ತರ ಸರಿ ಇತ್ತು, ಅವನು ಸುಳ್ಳು ಹೇಳಿದ ಅಂತ ಡೀನ್ ಹತ್ರ ಒಂದು ಮಾತು ಹೇಳಿ."

ಮೆಕ್‌ಫೇಲರು ಟೋಪಿಯ ಅಂಚನ್ನು ಬೆರಳಲ್ಲಿ ತಿರುಗಿಸುತ್ತಾ ನಿಂತರು.

"ಅವನು ಸುಳ್ಳು ಹೇಳ್ಲಿಲ್ಲ" ಎಂದರು ಕೊನೆಗೆ. "ಅವನಿಗೆ ಗೊತ್ತೇ ಇರ್ಲಿಲ್ಲ. ಅವತ್ತೂ ಚೀಟಿ ಬರೆದಿದ್ದ. ಚೀಲ ತುಂಬಿದ್ದು ನಾನು. ಬಲ ಅಂಗುಳು ಅಂತಿತ್ತು. ನಾನು ಬೀರುವಿನ ಬಲಗಡೆ ಅರೆಯಿಂದ ತೆಗೆದೆ."

ತೆಕ್ಲಾಳಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಬೀರುವಿನ ಬಲಗಡೆಯ ಅರೆ, ಎಡದ ಎಲುಬು. ಮೊದಲ ವರ್ಷದ ಹುಡುಗರು ಮಾಡುವ ತಪ್ಪು. ಅವಳು ಅಂದು ಕೈಯಲ್ಲಿ ಹಿಡಿದದ್ದು ಎಡದ್ದೇ. ತನ್ನ ಬೆರಳಿಗೆ ತಿಳಿದಿದ್ದ ಆ ಸತ್ಯವನ್ನು ಕೆಲವು ರಾತ್ರಿಗಳಲ್ಲಿ ಅವಳೇ ಅನುಮಾನಿಸಿದ್ದುಂಟು.

"ನಿಮಗೆ ಯಾವಾಗ ಗೊತ್ತಾಯ್ತು?"

"ಬಿಡಿ ಅದನ್ನ."

"ಯಾವಾಗ?"

"ವಾಪಸ್ ಇಡೋಕೆ ಕೆಳಗೆ ಹೋದೆನಲ್ಲ, ಆಗ. ಕೈಯಲ್ಲಿ ಹಿಡಿದ ತಕ್ಷಣ." ಅವರ ದನಿ ಇಳಿಯಿತು. "ನೀವು ಇನ್ನೂ ಮೇಲೆ ಬೆಂಚಿನ ಮೇಲೆ ಕೂತಿದ್ರಿ."

ಅರ್ಧ ಗಂಟೆ ಕೂತಿದ್ದೆ, ಎಂದು ತೆಕ್ಲಾ ಲೆಕ್ಕ ಹಾಕಿದಳು. ಕೆಳಗಿನಿಂದ ಮೇಲಕ್ಕೆ ಇಪ್ಪತ್ತಮೂರು ಮೆಟ್ಟಿಲು. ಹನ್ನೊಂದು ವರ್ಷ ದಿನಕ್ಕೆ ನಾಲ್ಕು ಸಲ ಅವಳು ಅದನ್ನು ಹತ್ತಿದ್ದಾಳೆ, ಎಲುಬಿನ ಟ್ರೇ ಹೊತ್ತುಕೊಂಡು. ಈ ಮನುಷ್ಯ ಬರಿಗೈಯಲ್ಲಿ ಒಂದು ಸಲ ಹತ್ತಿದ್ದರೆ ಸಾಕಿತ್ತು.

"ಗಿಲ್‌ಕ್ರಿಸ್ಟಿಗೆ ಎದುರು ಹೇಳೋ ಕಾಲ ಅಲ್ಲ ಅದು" ಎಂದರು ಮೆಕ್‌ಫೇಲರು. "ನಾನೊಬ್ಬ ಸರ್ಜನ್, ಎಡ ಬಲ ಗೊತ್ತಾಗಲ್ಲ ಅಂದ್ರೆ ಊರೆಲ್ಲ ನಗ್ತಿತ್ತು. ಅದಕ್ಕೇ ನಿಮಗೆ ಈ ಕೆಲಸ ಕೊಡಿಸಿದೆ. ನನ್ನ ಕೈಲಾದ ಮಟ್ಟಿಗೆ."

"ಹಣ್ಣು ಕಳಿಸಿದ್ರಿ."

"ಹೂಂ."

"ಹನ್ನೊಂದು ಪೆಟ್ಟಿಗೆ. ನಾನು ಪ್ರತಿ ಸಲ ನಿಮಗೋಸ್ಕರ ಮೇಣದ ಬತ್ತಿ ಹಚ್ಚಿದ್ದೀನಿ."

ತೆಕ್ಲಾಳ ಎದೆಯೊಳಗೆ ಆಗಲೇ ತಣ್ಣಗಾಗಿದ್ದದ್ದು ಮತ್ತೆ ಹೊತ್ತಿಕೊಂಡಿತು, ಮೊದಲಿಗಿಂತ ಜೋರಾಗಿ. ಗಿಲ್‌ಕ್ರಿಸ್ಟ್ ಅವಳನ್ನು ಕಣ್ಣೆತ್ತಿ ನೋಡಿದವನೇ ಅಲ್ಲ. ನೋಡಿದವನು, ಗೊತ್ತಿದ್ದವನು, ಹೆಸರು ಸರಿಯಾಗಿ ಕರೆದವನು ಇವನು. ಇವನಿಗೂ ಇನ್ನು ಬಹುವಚನ ಸಲ್ಲದು.

ಅವಳು ಅವನ ಮೊಳಕೈ ಹಿಡಿದಳು. ಎಲುಬು ತೊಳೆದು ಗಟ್ಟಿಯಾದ ಕೈ, ಬಿಡಿಸಿಕೊಳ್ಳಲು ಆಗಲಿಲ್ಲ.

"ಈಗ್ಯಾಕೆ?" ಎಂದ ಮೆಕ್‌ಫೇಲ್. "ಅವನ ಕತೆ ಮುಗೀತಲ್ಲ. ನೀವು ಗೆದ್ರಿ."

"ಅವನದ್ದು ಮುಗೀತು. ನಡೀರಿ."

ಜನ ಚಹಾದ ಕಡೆ ಹೊರಟವರು ನಿಂತರು. ಎಪ್ಪತ್ತು ದಾಟಿದ ಸರ್ಜನನನ್ನು ಎಲುಬು ಕೋಣೆಯ ಕೆಲಸದವಳು ತೋಳು ಹಿಡಿದು ವೇದಿಕೆ ಹತ್ತಿಸುತ್ತಿದ್ದಳು. ಲಾಫ್ಲೂರ್ ಎದ್ದು ದಾರಿ ಬಿಟ್ಟರು. ಡೀನ್ ಏನೋ ಹೇಳಲು ಬಾಯಿ ತೆರೆದು, ಅವಳ ಮುಖ ನೋಡಿ, ಮೈಕಿನಿಂದ ಹಿಂದೆ ಸರಿದರು. ತೆಕ್ಲಾ ಮೈಕಿನ ಕತ್ತು ಬಗ್ಗಿಸಿ ಮುದುಕನ ಬಾಯಿಯ ಎತ್ತರಕ್ಕೆ ತಂದಳು.

ಮೆಕ್‌ಫೇಲ್ ನೆಲ ನೋಡುತ್ತಾ ಹೇಳಿದ: ಹನ್ನೊಂದು ವರ್ಷದ ಹಿಂದೆ, ಈ ಹೆಂಗಸಿನ ಪರೀಕ್ಷೆಯ ದಿನ, ಚೀಲಕ್ಕೆ ತಪ್ಪು ಎಲುಬು ಹಾಕಿದ್ದು ತಾನು. ಅದು ಎಡದ್ದಾಗಿತ್ತು. ಎಡದ್ದೆಂದೇ ಅವಳು ಹೇಳಿದ್ದಳು. ತನಗೆ ಗೊತ್ತಿತ್ತು, ತಾನು ಸುಮ್ಮನಿದ್ದ. ಇಷ್ಟು ಹೇಳಿ, ಬೆವರು ಒರೆಸಿಕೊಂಡು, ಇಳಿಯಲು ತಿರುಗಿದ.

ತೆಕ್ಲಾ ಅವನ ತೋಳನ್ನು ಬಿಟ್ಟಿರಲಿಲ್ಲ.

"ಹಿಂದಿನ ಸಾಲಿಗೆ ಕೇಳಿಸಿಲ್ಲ ಡಾಕ್ಟರೇ" ಎಂದಳು. "ಇನ್ನೊಂದು ಸಲ ಹೇಳಿ."